ಮಣ್ಣಿನ ಎತ್ತು ಹೇಳಿದ ಕಾಲ

ಚೀನಾದೇಶದ ರೈತರು ವರ್ಷವನ್ನು 24 ಪರ್ವಗಳಾಗಿ ಎಣಿಸುತ್ತ ಬಂದವರು. ಸೂರ್ಯನು ತನ್ನ ಪಥದಲ್ಲಿ 15 ಅಂಶ ಸಾಗಿದಾಗಲೆಲ್ಲ ಒಂದು ಪರ್ವ. ಈ ಗಣನೆಯನ್ನು ಯುನೆಸ್ಕೋ ಸಂಸ್ಥೆಯು 2016ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಮೊದಲನೆಯದು ‘ಲಿಚುನ್’, ಎಂದರೆ ವಸಂತಾರಂಭ. ಅದು ಸಾಮಾನ್ಯವಾಗಿ ಫೆಬ್ರವರಿ 4ರ ಸುಮಾರಿಗೆ ಬರುವುದು. ಉತ್ತರದ ಬಯಲುಗಳಲ್ಲಿ ಆಗಿನ್ನೂ ನೆಲ ಹೆಪ್ಪುಗಟ್ಟಿರುತ್ತದೆ. ಆದರೂ ನೇಗಿಲನ್ನು ಸಜ್ಜುಗೊಳಿಸಬೇಕಾದ ದಿನವದು.

ಹಿಂದೆ ಆ ದಿನ ಅಧಿಕಾರಿಗಳು ಮಣ್ಣಿನ ಎತ್ತೊಂದನ್ನು ಮಾಡಿಸಿ, ಮೆರವಣಿಗೆಯಲ್ಲಿ ತಂದು, ಬಣ್ಣದ ಕೋಲುಗಳಿಂದ ಹೊಡೆದು ಒಡೆಯುತ್ತಿದ್ದರು. ಚಳಿಗಾಲದ ಆಲಸ್ಯವನ್ನು ಓಡಿಸುವ ಆಚರಣೆಯಿದು. ಒಡೆದ ಹೆಂಟೆಯನ್ನು ಮನೆಗೊಯ್ದರೆ ಬೆಳೆ ಹುಲುಸಾಗುವುದೆಂದು ಜನ ಮುಗಿಬೀಳುತ್ತಿದ್ದರು. ಏಟು ಬಿದ್ದುದು ಮಣ್ಣಿಗೆ, ದುಡಿಯುವ ಬಸವನಿಗಲ್ಲ ಎಂಬುದು ನನಗೆ ಸಮಾಧಾನದ ಸಂಗತಿ.

ಎತ್ತಿನ ಬಳಿ ದನಗಾಹಿಯ ಮೂರ್ತಿಯೊಂದಿರುತ್ತಿತ್ತು. ಅದರ ಸ್ಥಾನ ವರ್ಷವರ್ಷಕ್ಕೆ ಬದಲಾಗುತ್ತಿತ್ತು. ಚೀನೀಯರ ಹೊಸವರ್ಷ ಚಂದ್ರನನ್ನು ಅನುಸರಿಸುವುದು, ಲಿಚುನ್ ಸೂರ್ಯನನ್ನು. ಇವೆರಡೂ ಒಂದೇ ದಿನಕ್ಕೆ ಕೂಡುವುದು ಅಪರೂಪ. ಹೊಸವರ್ಷಕ್ಕೆ ಐದು ದಿನಗಳಿಗಿಂತ ಮುಂಚೆಯೇ ವಸಂತ ಬಂದರೆ ದನಗಾಹಿ ಎತ್ತಿನ ಮುಂದೆ ನಿಲ್ಲುವನು: ಹೊಲದ ಕೆಲಸಕ್ಕೆ ಬೇಗ ಇಳಿಯಿರಿ ಎಂದರ್ಥ. ಐದು ದಿನ ಮೀರಿ ತಡವಾದರೆ ಹಿಂದೆ, ಆಸುಪಾಸಿನಲ್ಲಿದ್ದರೆ ಪಕ್ಕದಲ್ಲಿ. ಅಕ್ಷರವರಿಯದ ಒಕ್ಕಲಿಗನಿಗೆ ಇದಕ್ಕಿಂತ ಸುಲಭವಾದ ಪಂಚಾಂಗವುಂಟೆ?

ಆದರೆ ಇದೇ ಲೆಕ್ಕದಿಂದ ಒಂದು ಭೀತಿಯೂ ಹುಟ್ಟಿಕೊಂಡಿದೆ. ಚಾಂದ್ರವರ್ಷಕ್ಕೆ ಸುಮಾರು 354 ದಿನ, ಅಧಿಕಮಾಸ ಸೇರಿದರೆ 384. ಆದುದರಿಂದ ಕೆಲವು ವರ್ಷಗಳಲ್ಲಿ ಲಿಚುನ್ ಎರಡು ಸಲ ಬರುವುದು, ಕೆಲವು ವರ್ಷಗಳಲ್ಲಿ ಒಮ್ಮೆಯೂ ಬಾರದು. ಬಾರದ ವರ್ಷಕ್ಕೆ ‘ವಿಧವೆಯ ವರ್ಷ’ವೆಂದು ಹೆಸರಿಟ್ಟು, ಅದು ಮದುವೆಗೆ ಸಲ್ಲದೆನ್ನುವರು. 2024ರ ಫೆಬ್ರವರಿ 10ರಂದು ಮೊದಲಾದದ್ದು ಅಂಥ ವರ್ಷ. 2023ರಲ್ಲಿ ಸುಮಾರು 77 ಲಕ್ಷವಿದ್ದ ವಿವಾಹ ನೋಂದಣಿ 2024ರಲ್ಲಿ ಸುಮಾರು 61 ಲಕ್ಷಕ್ಕಿಳಿಯಿತು. ಯುವಜನರ ಸಂಖ್ಯೆ ಕುಗ್ಗಿದ್ದು, ಸಂಸಾರದ ವೆಚ್ಚ ಏರಿದ್ದು ದೊಡ್ಡ ಕಾರಣಗಳು. ಈ ಹೆಸರಿನ ಪಾಲೂ ಉಂಟೆಂದು ಹೇಳಿದವರಿದ್ದಾರೆ. ನಿಜವಾಗಿ ವಸಂತವೇನೂ ತಪ್ಪಿರಲಿಲ್ಲ. ಆ ವರ್ಷ ಹುಟ್ಟುವುದಕ್ಕೆ ಆರು ದಿನ ಮೊದಲು, ಫೆಬ್ರವರಿ 4ರಂದು ಬಂದಿತ್ತು. ವರ್ಷ ಮುಗಿದ ಮೇಲೆ, 2025ರ ಫೆಬ್ರವರಿ 3ರಂದು ಮತ್ತೆ ಬಂದಿತು. ಉಳುವವನಿಗೆ ಕೊರತೆಯಾಗಲಿಲ್ಲ, ಕೊರತೆಯೆಲ್ಲ ಮದುಮಗಳ ಪಾಲಿಗೆ.

ಇದನ್ನು ಓದಿ ನಗುವ ಹಕ್ಕು ನಮಗಿಲ್ಲ. ದಿನ-ಲಗ್ನಗಳ ಭಯವನ್ನು ಬಸವಾದಿ ಶರಣರು ಕಿತ್ತೊಗೆದರೂ, ಅಧಿಕಮಾಸವೆಂದರೆ ನಮ್ಮವರಲ್ಲಿಯೂ ಅನೇಕರು ಮದುವೆಯ ಮಾತೆತ್ತುವುದಿಲ್ಲ. 2023ರಲ್ಲಿ ಅಧಿಕ ಶ್ರಾವಣ ಬಂದಾಗ ಪರಿಚಿತರೊಬ್ಬರು ಮಗಳ ಮದುವೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಲು ಯೋಚಿಸಿ ನನ್ನಲ್ಲಿಗೆ ಬಂದಿದ್ದರು. ಹುಡುಗಿಯ ಅಜ್ಜಿ ಹಾಸಿಗೆ ಹಿಡಿದಿದ್ದರು. ಮೊಮ್ಮಗಳ ತಲೆಯ ಮೇಲೆ ಅಕ್ಷತೆ ಬೀಳುವುದನ್ನು ಕಾಣಬೇಕೆಂಬುದೊಂದೇ ಅವರ ಆಸೆ. ಮುಂದೂಡಬೇಡಿರೆಂದು ಹೇಳಿ ಕಳುಹಿಸಿದೆ. ಬೀಗರು ಒಪ್ಪಲಿಲ್ಲ. ನಿಜ ಶ್ರಾವಣದಲ್ಲಿ ಮದುವೆ ನಡೆದಾಗ ನಾನೂ ಹೋಗಿದ್ದೆ. ಅಜ್ಜಿ ಲಿಂಗೈಕ್ಯರಾಗಿ ಒಂಬತ್ತು ದಿನಗಳಾಗಿದ್ದವು.