ನೆನೆದ ರೊಟ್ಟಿಯ ರುಚಿ

ಗುರುಮಠಕಲ್‌ನಲ್ಲಿ ನಮ್ಮ ಪಕ್ಕದ ಮನೆಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಾಡಿಗೆಗೆ ಬಂದಿದೆ. ಇಬ್ಬರೂ ಶಾಲಾ ಶಿಕ್ಷಕರು. ಭಾನುವಾರ ಬಂತೆಂದರೆ ಬೆಳಿಗ್ಗೆ ಆರಕ್ಕೇ ಅವರ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರಿನ ಬುತ್ತಿ ಕಟ್ಟಿಕೊಂಡು ಬೈಕ್ ಏರಿದರೆ ಸಂಜೆಗೇ ವಾಪಸು. ಒಂದು ವಾರ ಯಾದಗಿರಿ ಕೋಟೆ, ಇನ್ನೊಂದು ವಾರ ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಮತ್ತೊಮ್ಮೆ ಸುರಪುರದಲ್ಲಿ ಮೆಡೋಸ್ ಟೇಲರ್ 1840ರ ದಶಕದಲ್ಲಿ ಕಟ್ಟಿಸಿದ ಟೇಲರ್ ಮಂಜಿಲ್. ನೋಡಿದ್ದನ್ನು ಆತ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಚಿತ್ರ ಮಾಡುತ್ತಾನೆ. ಆಕೆ ಕೆಳಗೆ ತಾರೀಖು, ಖರ್ಚು ಬರೆಯುತ್ತಾಳೆ.

ಮೊನ್ನೆ ಆ ನೋಟ್‌ಬುಕ್ ನೋಡಿಬಂದ ನನ್ನ ಮಗಳು, ಹತ್ತನೇ ತರಗತಿಯವಳು, ಕೇಳಿದಳು: “ಅಪ್ಪಾ, ನೀನೂ ಅವ್ವನೂ ಹಿಂಗ ಎಲ್ಲಿಗರೆ ಹೋಗಿದ್ರೇನು?”

ಹೋಗಿದ್ದೆವು. ಮದುವೆಯಾದ ವರ್ಷ, ಒಂದೇ ಸೈಕಲ್ ಮೇಲೆ, ಚಿಂತನಹಳ್ಳಿಯ ಗವಿಸಿದ್ಧಲಿಂಗೇಶ್ವರನ ಜಲಪಾತಕ್ಕೆ. ದಾರಿಯಲ್ಲಿ ಮಳೆ ಹಿಡಿದು ರೊಟ್ಟಿಯೆಲ್ಲ ನೆನೆದಿತ್ತು. ಗವಿಯಲ್ಲಿ ಕೂತು ಅದನ್ನೇ ತಿಂದು ನಕ್ಕಿದ್ದೆವು.

“ಮತ್ತ ಯಾಕ ಬಿಟ್ರಿ?”

“ನಿನ್ನ ಓದು ಮುಗೀಲಿ ಅಂತ,” ಎಂದಳು ನನ್ನಾಕೆ.

ಮಗಳ ಮುಖ ಸಣ್ಣದಾಯಿತು. “ಅಂದ್ರ, ನನ್ನಿಂದ.”

ನಾವು ತ್ಯಾಗವೆಂದುಕೊಂಡದ್ದು ಅವಳ ತಲೆಯ ಮೇಲೆ ಸಾಲವಾಗಿ ಕೂತಿತ್ತು! ಪರೀಕ್ಷೆ ಬೇಕು, ಅಂಕವೂ ಬೇಕು. ಆದರೆ ತಂದೆತಾಯಿ ನಗುವುದನ್ನು ಮಕ್ಕಳು ನೋಡುವುದು ಬೇಡವೆ? ಅದಕ್ಕೆ ಒಂದು ಬುತ್ತಿ, ಒಂದು ಭಾನುವಾರ ಸಾಕು.

ಬರುವ ವಾರ ಮೂವರೂ ಚಿಂತನಹಳ್ಳಿಗೆ ಹೊರಟಿದ್ದೇವೆ. ಹಿಂಡಿ ಕುಟ್ಟುವ ಕೆಲಸ ನನ್ನದಂತೆ.