ಗಡಿಯಾರ ಯಾರದು?

‘ಗಡಿಯಾರ ಕಂಡುಹಿಡಿದದ್ದು ನಾವೇ’ ಎಂಬ ಸಂದೇಶಗಳು ಮೊಬೈಲಿಗೆ ಆಗಾಗ ಬರುತ್ತಿರುತ್ತವೆ. ಕೆಲವು ಗ್ರೂಪುಗಳಲ್ಲಿ ‘ನಾವು’ ಎಂದರೆ ಮುಸ್ಲಿಮರು, ಇನ್ನು ಕೆಲವದರಲ್ಲಿ ಪ್ರಾಚೀನ ಭಾರತೀಯರು. ಎರಡೂ ಕಡೆ ಕೊನೆಯ ಸಾಲು ಒಂದೇ: ‘ಹೆಮ್ಮೆಯಿದ್ದರೆ ಶೇರ್ ಮಾಡಿ’. ವೋಚರ್ ಇಲ್ಲದೆ ಎಂಟ್ರಿ ಬರೆಯಬಾರದು ಎಂದು ಲೆಕ್ಕಶಾಸ್ತ್ರದ ತರಗತಿಯಲ್ಲಿ ನಾವು ಕಲಿಯುತ್ತೇವೆ. ಇತಿಹಾಸಕ್ಕೂ ಅದೇ ನಿಯಮ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಅಲ್-ಜಝರಿ ಅವರನ್ನೇ ತೆಗೆದುಕೊಳ್ಳಿ. ಇಂದಿನ ಟರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರಸರ ಬಳಿ ಯಂತ್ರಗಳನ್ನು ಮಾಡುತ್ತಿದ್ದ ಅವರು 1206ರಲ್ಲಿ ಆ ಯಂತ್ರಗಳ ಬಗ್ಗೆ ಅರಬಿಯಲ್ಲಿ ಒಂದು ಪುಸ್ತಕ ಮುಗಿಸಿದರು. ಅದರಲ್ಲಿರುವ ಆನೆ ಗಡಿಯಾರ ಬಹಳ ಪ್ರಸಿದ್ಧ. ಆನೆಯ ಹೊಟ್ಟೆಯೊಳಗೆ ನೀರಿನ ತೊಟ್ಟಿ, ನೀರಿನ ಮೇಲೆ ತಳದಲ್ಲಿ ಸಣ್ಣ ತೂತಿರುವ ಬಟ್ಟಲು. ನೀರು ತುಂಬುತ್ತಾ ಅರ್ಧ ಗಂಟೆಗೆ ಬಟ್ಟಲು ಮುಳುಗುತ್ತದೆ. ಆಗ ಮೇಲಿನಿಂದ ಒಂದು ಗುಂಡು ಉರುಳಿ ಹಾವಿನ ಬಾಯಿಗೆ ಬೀಳುತ್ತದೆ. ಆ ಭಾರಕ್ಕೆ ಹಾವು ಬಾಗಿ ಬಟ್ಟಲನ್ನು ಮತ್ತೆ ಮೇಲೆತ್ತುತ್ತದೆ. ಅದೇ ಪುಸ್ತಕದ ಮತ್ತೊಂದು ದೊಡ್ಡ ಗಡಿಯಾರವನ್ನು ವಿವರಿಸುವಾಗ, ಒಂದು ಭಾಗಕ್ಕೆ ಗ್ರೀಕರ ಆರ್ಕಿಮಿಡಿಸ್‌ನ ವಿಧಾನವನ್ನು ಅನುಸರಿಸಿರುವುದಾಗಿ ಅವರು ಹೇಳುತ್ತಾರೆ. ಯಾರಿಂದ ಪಡೆದೆ ಎಂದು ಬರೆಯಲು ಅವರಿಗೆ ಸಂಕೋಚ ಇರಲಿಲ್ಲ.

ಮುಳುಗುವ ಬಟ್ಟಲು ನಮ್ಮ ದೇಶಕ್ಕೂ ಹೊಸದಲ್ಲ. ಇಲ್ಲಿ ಅದು ಘಟಿ. ಒಮ್ಮೆ ಮುಳುಗಲು 24 ನಿಮಿಷ, ಹಗಲು ರಾತ್ರಿ ಸೇರಿ 60 ಸಲ. ಹಿಂದುಸ್ತಾನದಲ್ಲಿ ಘಡಿಯಾಲಿಗಳು ಬಟ್ಟಲು ನೋಡಿ ಲೋಹದ ತಟ್ಟೆ ಬಾರಿಸುವುದನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾನೆ. ರಾತ್ರಿ ಎಚ್ಚರವಾದವನಿಗೆ ಎಷ್ಟು ಘಡಿ ಎಂದು ಕೇಳಿಸುತ್ತದೆ, ಯಾವ ಪಹರ ಎಂದು ತಿಳಿಯುವುದಿಲ್ಲ. ಆದ್ದರಿಂದ ಪಹರವನ್ನೂ ಬಾರಿಸಿ ಎಂದು ಅವನು ಹೇಳಿದ. ಇದ್ದ ಪದ್ಧತಿಯನ್ನು ನಿಲ್ಲಿಸಲಿಲ್ಲ, ಸುಧಾರಿಸಿದ. ನಮ್ಮ ಮನೆಯ ಉರ್ದುವಿನಲ್ಲಿ ಘಡಿ, ಕಾಲೇಜಿನ ಕನ್ನಡದಲ್ಲಿ ಗಳಿಗೆ. ಎರಡೂ ಆ ಘಟಿಯಿಂದಲೇ ಬಂದ ಪದಗಳು.

ಹೆಮ್ಮೆಯ ಸಂದೇಶಗಳಲ್ಲಿ ಕಾಣದ ಇನ್ನೊಂದು ಎಂಟ್ರಿ ಇದೆ. 16ನೇ ಶತಮಾನದಲ್ಲಿ ತಖಿಯುದ್ದೀನ್ ಹಲ್ಲುಚಕ್ರದ ಗಡಿಯಾರಗಳ ಬಗ್ಗೆ ಪುಸ್ತಕ ಬರೆದರು. ಇಸ್ತಾಂಬುಲ್‌ನ ತಮ್ಮ ವೀಕ್ಷಣಾಲಯದಲ್ಲಿ ನಕ್ಷತ್ರಗಳನ್ನು ಅಳೆಯಲು ಗಡಿಯಾರ ಬಳಸಿದರು. 1580ರಲ್ಲಿ ಸುಲ್ತಾನನ ಆಜ್ಞೆಯಿಂದಲೇ ಆ ವೀಕ್ಷಣಾಲಯವನ್ನು ಕೆಡವಲಾಯಿತು. ಹಾಲೆಂಡಿನ ಹೈಗನ್ಸ್ 1656ರಲ್ಲಿ ಲೋಲಕದ ಗಡಿಯಾರ ರೂಪಿಸಿದ. ಒಂದು ಕಡೆ ನಿಂತ ಕೆಲಸ ಇನ್ನೊಂದು ಕಡೆ ಮುಂದುವರಿಯಿತು.

‘ಹಾಗಾದರೆ ನಮ್ಮವರ ಹೆಸರು ಹೇಳಲೇಬಾರದೇ?’ ಎಂದು ನೀವು ಕೇಳಬಹುದು. ಖಂಡಿತ ಹೇಳಬೇಕು. ಅಲ್-ಜಝರಿ ಯಾರೆಂದು ತಿಳಿಯದೆ ನಾವು ಕಾಲೇಜು ಮುಗಿಸಿದರೆ ನಷ್ಟ ನಮಗೇ. ಆದರೆ ಪಡೆದದ್ದು, ಕೊಟ್ಟದ್ದು, ಕಳೆದುಕೊಂಡದ್ದು ಮೂರನ್ನೂ ಹೇಳಬೇಕು. ಒಂದೇ ಕಡೆಯ ಲೆಕ್ಕ ಬರೆದರೆ ಯಾವ ತಃಖ್ತೆಯೂ ತಾಳೆಯಾಗುವುದಿಲ್ಲ.

ಶೇರ್ ಮಾಡುವುದಕ್ಕಿಂತ ಒಳ್ಳೆಯ ಕೆಲಸವೊಂದಿದೆ: ನಾವೇ ಅಳೆಯುವುದು. ಮಸೀದಿಯ ನಮಾಜ್ ವೇಳಾಪಟ್ಟಿ ನೋಡಿ. ನವೆಂಬರ್ ಆರಂಭಕ್ಕೆ ಹೋಲಿಸಿದರೆ ಫೆಬ್ರವರಿ ನಡುವೆ ಝುಹರ್ ಸಮಯ ಸುಮಾರು ಅರ್ಧ ಗಂಟೆ ತಡವಾಗಿ ಶುರುವಾಗುತ್ತದೆ. ಏಕೆಂದರೆ ಸೂರ್ಯ ನೆತ್ತಿ ದಾಟುವ ಹೊತ್ತು ಕೈಗಡಿಯಾರದ 12ಕ್ಕೆ ಅಂಟಿಕೊಂಡಿಲ್ಲ. ಇದನ್ನು ಪರೀಕ್ಷಿಸಲು ಒಂದು ನೆಟ್ಟಗಿನ ಕಂಬಿ ಸಾಕು.

ಆದ್ದರಿಂದ ಪ್ರಾಂಶುಪಾಲರಲ್ಲಿ ಒಂದು ಮನವಿ. ಕಾಲೇಜಿನ ಅಂಗಳದಲ್ಲಿ ಒಂದು ಕಂಬಿ ನೆಡಲು ಅನುಮತಿ ಕೊಡಿ. ಬಿಸಿಲಿರುವ ದಿನಗಳಲ್ಲಿ ನೆರಳು ಅತಿ ಗಿಡ್ಡವಾಗುವ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದು, ವೇಳಾಪಟ್ಟಿಯೊಂದಿಗೆ ಹೋಲಿಸೋಣ. ಇದು ವಿಜ್ಞಾನ ವಿಭಾಗದವರ ಕೆಲಸ ಮಾತ್ರ ಅಲ್ಲ, ವಾಣಿಜ್ಯ ಮತ್ತು ಕಲಾ ವಿಭಾಗದವರೂ ಸೇರಲಿ. ಮೊದಲ ವಾರದ ಲೆಕ್ಕ ಬರೆಯಲು ನಾನು ಸಿದ್ಧ.