ಮಧುಗಿರಿ ಬಸ್ಸಿನಲ್ಲಿ ಕ್ರಿಪ್ಟೋಸ್

ಕಳೆದ ಶನಿವಾರ ಊರಿಗೆ ಹೊರಟಿದ್ದೆ. ಬಸ್ಸು ದಾಬಸ್‌ಪೇಟೆಯಲ್ಲಿ ಕೊರಟಗೆರೆ ರಸ್ತೆಗೆ ತಿರುಗಿದ ಮೇಲೆ ಇಯರ್‌ಫೋನ್ ಹಾಕ್ಕೊಂಡು ಕ್ರಿಪ್ಟೋಸ್ ಹಚ್ಚಿದೆ. ಸೌಂಡು ಹೊರಗೂ ಬರ್ತಿತ್ತು ಅಂತ ಕಾಣುತ್ತೆ, ಪಕ್ಕದ ಸೀಟಿನ ಅಜ್ಜಿ ಕೇಳಿಯೇಬಿಟ್ಟರು. "ಏನಪ್ಪಾ, ಫೋನೊಳಗೆ ಮಿಷನ್ ಓಡ್ತಾ ಐತೆ?"

"ಹಾಡು ಅಜ್ಜಿ."

"ಇದು ಹಾಡಾ!"

ನಮ್ಮಮ್ಮನೂ ಹೀಗೇ ಕೇಳಿದ್ದರು, 2021ರಲ್ಲಿ. ಆ ಕಥೆ ಹೇಳೋಕೆ ಮೊದಲು ಕ್ರಿಪ್ಟೋಸ್ ಯಾರು ಅಂತ ಹೇಳಿಬಿಡ್ತೀನಿ. ಇವರು ಬೆಂಗಳೂರಿನ ಹೆವಿ ಮೆಟಲ್ ಬ್ಯಾಂಡ್, ಶುರುವಾಗಿದ್ದು 1998ರಲ್ಲಿ. ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ ಬಂದಿದ್ದು 2004ಕ್ಕೆ. ಆರು ವರ್ಷ ಕಾದಿದ್ದಾರೆ ನೋಡಿ. ಡ್ರಮ್ಮರ್‌ಗಳು ಬದಲಾದರು, ಬೇಸ್ ನುಡಿಸುವವರು ಬದಲಾದರು. ಹಾಡುವ, ಗಿಟಾರ್ ನುಡಿಸುವ ನೋಲನ್ ಲೂಯಿಸ್ ಮಾತ್ರ ಶುರುವಿನಿಂದ ಅಲ್ಲೇ ಇದ್ದಾರೆ. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆ ಹತ್ತಿದರು. ಮೆಟಲ್ ಕೇಳುವವರಿಗೆ ಅದೇ ದೊಡ್ಡ ಜಾತ್ರೆ.

2019ರಲ್ಲಿ ‘ಆಫ್ಟರ್‌ಬರ್ನರ್’ ಬಂತು. ಮರುವರ್ಷವೇ ಕೊರೊನಾ. ಇಂಥ ಬ್ಯಾಂಡ್‌ಗಳಿಗೆ ಊರೂರು ತಿರುಗಿ ನುಡಿಸೋದು, ಅಲ್ಲೇ ಟೀಶರ್ಟ್ ಮಾರೋದು, ಇದೇ ಉಸಿರು. ಅದೇ ನಿಂತಿತು. ಇಪ್ಪತ್ತೆರಡು ವರ್ಷ ಆಗಿತ್ತು, ಸಾಕು ಅಂದಿದ್ದರೆ ಯಾರೂ ತಪ್ಪು ತಿಳೀತಿರಲಿಲ್ಲ. ಆದರೆ 2021ರಲ್ಲಿ ‘ಫೋರ್ಸ್ ಆಫ್ ಡೇಂಜರ್’ ಬಂತು.

ನಾನಾಗ ವರ್ಕ್ ಫ್ರಮ್ ಹೋಮ್ ಅಂತ ಮಧುಗಿರಿಯಲ್ಲಿದ್ದೆ. ನೆಟ್‌ವರ್ಕ್ ಸಿಗ್ತಿದ್ದದ್ದು ಮಹಡಿ ಮೇಲಿನ ಒಂದು ಮೂಲೆಯಲ್ಲಿ ಮಾತ್ರ, ಎದುರಿಗೆ ಏಕಶಿಲಾ ಬೆಟ್ಟ. ಅಲ್ಲೇ ಕೂತು ಪೂರ್ತಿ ಕೇಳಿದೆ. ಹೊಸದೇನೂ ಇಲ್ಲ, ಒಪ್ಪಿಕೊಳ್ತೀನಿ. ಜುಡಾಸ್ ಪ್ರೀಸ್ಟ್, ಐರನ್ ಮೇಡನ್ ಎಂಬತ್ತರ ದಶಕದಲ್ಲಿ ಹಾಕಿದ ದಾರಿಯೇ. ಎರಡು ಗಿಟಾರ್ ಜೋಡಿಯಾಗಿ ಹಾಡುತ್ತವೆ, ನೋಲನ್ ಗಂಟಲು ಅದರ ಮೇಲೆ ಗರಗಸದ ಹಾಗೆ ಹೋಗುತ್ತೆ. ಮಾರಮ್ಮನ ಜಾತ್ರೇಲಿ ಉರುಮೆಯ ಚರ್ಮವನ್ನು ಕೋಲಿನಿಂದ ಉಜ್ಜಿದಾಗ ಹೊಟ್ಟೆಯೊಳಗೆ ಗುಂಯ್ ಅನ್ನುತ್ತಲ್ಲ, ನನಗೆ ನೆನಪಾಗಿದ್ದು ಅದು. ‘ಅದೇ ಹಳೇದು’ ಅನ್ನೋರು ಅನ್ನಲಿ. ದಿನಾ ಒಂದು ಸಾವಿನ ಸುದ್ದಿ ಕೇಳಿದ್ದ ವರ್ಷದಲ್ಲಿ, ಬದಲಾಗದೇ ಉಳಿದ ಒಂದು ಸದ್ದು ಕೇಳಿ ನನಗಂತೂ ಜೀವ ಬಂದ ಹಾಗಾಯ್ತು. "ಅದೇನ್ಲಾ, ಯಾರೋ ಹೊಡೆದವರ ಹಾಗೆ ಕಿರುಚ್ತಾನೆ?" ಅಂತ ಅಮ್ಮ ಕೆಳಗಿಂದ ಕೂಗಿದ್ದು ಆಗಲೇ.

ಪಾವಗಡದ ಗೆಳೆಯನಿಗೆ ಲಿಂಕ್ ಕಳಿಸಿದೆ. ತುಮಕೂರಲ್ಲಿ ಓದುವಾಗ ನಮ್ಮಿಬ್ಬರದೂ ಒಂದು ಬ್ಯಾಂಡಿತ್ತು. ಕಾಲೇಜ್ ಡೇಗೆ ಮೂರು ಹಾಡು ತಯಾರು ಮಾಡಿದ್ದೆವು, ಎರಡನೆಯದರ ಮಧ್ಯೆ ಕರೆಂಟ್ ತೆಗೆಸಿದರು. ನಾನು ಸುಮ್ಮನೆ ತಾಳ ಹಾಕೋನು, ಕೈ ಇದ್ದದ್ದು ಅವನಿಗೆ. 2020ರಲ್ಲಿ ಬೆಂಗಳೂರಿನ ಕೆಲಸ ಹೋದಾಗ ಗಿಟಾರ್ ಮಾರಿ ರೂಮಿನ ಬಾಡಿಗೆ ಕಟ್ಟಿ ಊರು ಸೇರಿದ್ದ. ಆಮೇಲೆ ಸಂಗೀತದ ಮಾತೇ ಎತ್ತಿರಲಿಲ್ಲ.

ಎರಡು ದಿನ ಬ್ಲೂ ಟಿಕ್ ಅಷ್ಟೇ. ಮೂರನೇ ದಿನ ರಾತ್ರಿ ಫೋನ್ ಮಾಡಿದ. "ಮಗಾ, ಇವರು ಇನ್ನೂ ಬಿಟ್ಟಿಲ್ವಲ್ಲೋ." ಅಷ್ಟೇ ಹೇಳಿ ಸುಮ್ಮನಾದ. ಖುಷಿಯೋ, ಸಿಟ್ಟೋ, ನನಗೆ ತಿಳಿಯಲಿಲ್ಲ. ಅವತ್ತು ಆ ಲಿಂಕ್ ಕಳಿಸಬಾರದಿತ್ತೇನೋ ಅಂತ ಎಷ್ಟೋ ಸಲ ಅನ್ನಿಸಿದೆ.

2024ರ ಜುಲೈಯಲ್ಲಿ ‘ಡೆಸಿಮೇಟರ್’ ಬಂತು. ಈ ಸಲ ನಾನು ಕಳಿಸಲಿಲ್ಲ. ಅವನೇ ಕಳಿಸಿದ, ಒಂದು ಅಕ್ಷರವೂ ಬರೆಯದೆ.

ಶನಿವಾರ ಬಸ್ಸಲ್ಲಿ ಕೇಳ್ತಿದ್ದದ್ದೂ ಅದನ್ನೇ. ಮಧುಗಿರಿಯಲ್ಲಿ ಇಳಿದಾಗ ಬೈಕ್ ನಿಲ್ಲಿಸ್ಕೊಂಡು ಕಾಯ್ತಿದ್ದ. ಟೀ ಕುಡೀತಾ ಬೆರಳು ತೋರಿಸಿದ. "ನೋಡು, ಎಲ್ಲಾ ಮೆತ್ತಗಾಗೋಗಿದೆ. ಸಿರಾದಲ್ಲಿ ಒಬ್ಬ ಹುಡುಗ ಗಿಟಾರ್ ಮಾರ್ತಾವ್ನಂತೆ. ಸುಮ್ನೆ ನೋಡ್ಕೊಂಡ್ ಬರಾಣ ಬಾ."

ಭಾನುವಾರ ಹೋಗಿದ್ದೆವು. ಒಂದು ತಂತಿ ಇರಲಿಲ್ಲ, ಚೀಲ ಹರಿದಿತ್ತು. ಏಳು ಸಾವಿರ ಹೇಳಿದ್ದವನು ಆರಕ್ಕೆ ಬಿಟ್ಟ. ವಾಪಸ್ ಬರುವಾಗ ಬೈಕ್ ನಾನು ಓಡಿಸಿದೆ. ಗಿಟಾರ್ ತಬ್ಬಿಕೊಂಡು ಹಿಂದೆ ಕೂತವನು ಮಧುಗಿರಿ ಬರೋತನಕ ಒಂದು ಮಾತೂ ಆಡಲಿಲ್ಲ.